ನಾಯಿ ಮಾರಿದವನು ಬಂದ ದಿನ

"ಗುರುಗಳೇ, ನಾಡನ್ನು ಕಾಯಲು ಸಾಲ ಮಾಡಿದರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಅವನು ದೊರೆಯ ಬೊಕ್ಕಸ ನೋಡಿಕೊಳ್ಳುವವನು. ನೆರೆನಾಡಿನ ಭಯಕ್ಕೆ ದೊರೆ ಮೂರನೆಯ ಸುತ್ತಿನ ಕೋಟೆ ಕಟ್ಟಿಸಲು ಹೊರಟಿದ್ದ. ಕಲ್ಲು, ಫಿರಂಗಿ ಮಾರುವ ವ್ಯಾಪಾರಿಯೇ ಸಾಲವನ್ನೂ ಕೊಡುತ್ತೇನೆ, ಮುಂದಿನ ಇಪ್ಪತ್ತು ವರ್ಷದ ಕಂದಾಯ ಬರೆದುಕೊಟ್ಟರೆ ಸಾಕು ಎಂದಿದ್ದ. ಆ ಪತ್ರಕ್ಕೆ ಮರುದಿನ ಶಿಷ್ಯ ಮುದ್ರೆ ಒತ್ತಬೇಕಿತ್ತು. ಮೂರು ದಿನದಿಂದ ಅವನಿಗೆ ಅನ್ನ ಸೇರಿರಲಿಲ್ಲ.

ಗುರುಗಳು ಅವನ ಮುಂದೆ ಹುರಿಗಡಲೆ, ಬೆಲ್ಲ ಇಟ್ಟರು. "ತಿನ್ನುತ್ತಾ ಕೇಳು. ಹಸಿದವನ ಕಿವಿಗೆ ಕತೆ ಇಳಿಯುವುದಿಲ್ಲ" ಎಂದು ಹೇಳತೊಡಗಿದರು.

ಒಬ್ಬ ಕುರಿಗಾಹಿ ಇದ್ದ. ಅವನ ಮಂದೆಯನ್ನು ಒಂದು ನಾಯಿ ಕಾಯುತ್ತಿತ್ತು. ಒಮ್ಮೆ ತೋಳ ಒಂದು ಮರಿಯನ್ನು ಹೊತ್ತೊಯ್ಯಿತು. ಅಂದಿನಿಂದ ಪೊದೆ ಅಲುಗಿದರೂ ಅವನಿಗೆ ತೋಳವೇ ಕಾಣುತ್ತಿತ್ತು. ನಾಯಿ ಸಾಕಿ ಮಾರುವವನೊಬ್ಬನ ಬಳಿ ಹೋದ.

"ಎಂಟು ನಾಯಿ ಕರೆದುಕೊಂಡು ಹೋಗು. ಈಗ ಏನೂ ಕೊಡಬೇಡ. ಈ ಸಲ ಹುಟ್ಟುವ ಕುರಿಮರಿಗಳಲ್ಲಿ ತೀರಿಸು" ಎಂದ ಅವನು.

ಎಂಟು ನಾಯಿ ಕಂಡು ಕುರಿಗಾಹಿಯ ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು.

"ಒಂದು ತೋಳಕ್ಕೆ ಇಷ್ಟು ದೊಡ್ಡ ದಂಡೇ, ನನ್ನ ಶೂರಪ್ಪಾ?"

"ಮಂದೆ ಉಳಿಯಬೇಡವೇನೇ?"

"ಉಳಿಯಲಿ. ಇನ್ನೊಂದು ನಾಯಿ ತಂದಿದ್ದರೆ ನಾನೇ ಹಾಲು ಹಾಕುತ್ತಿದ್ದೆ. ಹೊಟ್ಟೆಯೊಳಗಿನ ಮರಿಯನ್ನು ಅಡವಿಟ್ಟು ಬಂದೆಯಲ್ಲ, ಅದರ ತಾಯಿಯನ್ನು ಒಂದು ಮಾತು ಕೇಳಿದೆಯಾ?"

ಅವನು ನಕ್ಕು ನಾಯಿಗಳನ್ನು ಹಟ್ಟಿಯ ಕಡೆ ನಡೆಸಿದ. ಅವಳು ಬೈಯುತ್ತಲೇ ಎಂಟಕ್ಕೂ ಗಂಜಿ ಕಾಸಿದಳು.

ನಾಯಿಗಳು ಒಳ್ಳೆಯವೇ. ಆ ವರ್ಷ ತೋಳ ಹತ್ತಿರ ಸುಳಿಯಲಿಲ್ಲ. ಕುರಿಗಳು ಈದವು. ಕುರಿಗಾಹಿ ಮರಿಗಳನ್ನು ಕಂಬಳಿಯೊಳಗೆ ಮಲಗಿಸಿಕೊಂಡು ಮುದ್ದಾಡಿದ. ಅವು ಹುಲ್ಲು ಕಚ್ಚಲು ಕಲಿತ ಮೇಲೆ ನಾಯಿ ಮಾರಿದವನು ಬಂದ. ಹಟ್ಟಿಯ ಬಾಗಿಲು ತೆಗೆದು ಮರಿಗಳನ್ನೆಲ್ಲ ಹೊಡೆದುಕೊಂಡು ಹೊರಟ. ತಾಯಿ ಕುರಿಗಳು ಅರಚಿದವು. ಹಳೆಯ ನಾಯಿಯೊಂದೇ ಬೊಗಳಿತು. ಎಂಟೂ ಹೊಸ ನಾಯಿಗಳು ಬಾಲ ಅಲ್ಲಾಡಿಸುತ್ತಾ ಬಂದವನ ಕೈ ನೆಕ್ಕಿದವು. ಅವನ ಕೈತುತ್ತಿನಲ್ಲೇ ಬೆಳೆದ ನಾಯಿಗಳವು.

ಶಿಷ್ಯನ ಹುರಿಗಡಲೆ ಕೈಯಲ್ಲೇ ಉಳಿಯಿತು. "ಹಾಗಾದರೆ ಕೋಟೆಯೇ ಬೇಡವೆಂದು ದೊರೆಗೆ ಹೇಳಲೇ?"

ಗುರುಗಳು ಅವನ ತಲೆ ನೇವರಿಸಿದರು.

"ಕೋಟೆ ಬೇಕು ಮಗು, ಸಾಲ ಕೊಟ್ಟವನು ಬಂದ ದಿನ ಅದರ ಬಾಗಿಲು ಮುಚ್ಚುವವರು ಯಾರು ಎಂದು ಕೇಳು."