ಹೋಗಿ ಬರ್ತೀನಿ

ಗಡಿ ಠಾಣೆಯ ವಿಚಾರಣೆಗೆ ಹೊಸದಾಗಿ ನೇಮಕವಾಗಿದ್ದ ಶಿಷ್ಯ ಕೇಳಿದ: “ಗುರುಗಳೇ, ಆಶ್ರಯ ಬೇಡಿ ಬರುವವರೆಲ್ಲ ಅಳುತ್ತಲೇ ಬರುತ್ತಾರಂತೆ. ಅವರಲ್ಲಿ ಸುಳ್ಳು ಹೇಳುವವರನ್ನು ಹಿಡಿಯುವುದು ಹೇಗೆ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನೇಕಾರನ ಹೆಂಡತಿ ಇದ್ದಳು. ಪಾಳೇಗಾರನಿಗೆ ಎದುರಾಡಿದನೆಂದು ಅವನ ಆಳುಗಳು ನೇಕಾರನನ್ನು ಕಡಿದು, ಮಗ್ಗಕ್ಕೆ ಬೆಂಕಿಯಿಟ್ಟರು. ನಾಳೆ ನಿನ್ನ ಸರದಿ ಎಂದು ಅವಳಿಗೂ ಹೇಳಿ ಹೋದರು. ಅವಳು ಉಟ್ಟ ಸೀರೆಯಲ್ಲೇ ಹೊರಟು, ಒಂಬತ್ತು ದಿನ ನಡೆದು, ಪಕ್ಕದ ರಾಜ್ಯದ ಗಡಿಗೆ ಬಂದಳು. ಅಲ್ಲಿಯ ಭಾಷೆ ಬೇರೆ. ಅಧಿಕಾರಿಗೂ ಅವಳಿಗೂ ನಡುವೆ ಒಬ್ಬ ದುಭಾಷಿ ಕುಳಿತ. ಅವನು ಅವಳ ಭಾಷೆಯನ್ನು ಪುಸ್ತಕ ಓದಿ ಕಲಿತವನು.

ಅಧಿಕಾರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬಾಗಿಲಲ್ಲೇ ಅಟ್ಟಿಬಿಡುತ್ತಿದ್ದ, ಕತೆಯೂ ಇಲ್ಲಿಗೇ ಮುಗಿಯುತ್ತಿತ್ತು. ಅವನು ತಾಳ್ಮೆಯಿಂದ ಕೇಳಿದ. ಗಂಡ ಸತ್ತದ್ದಕ್ಕೆ ಸಾಕ್ಷಿ ಯಾರು? ಕಂಡವರು ಊರಲ್ಲೇ ಉಳಿದಿದ್ದರು. ಅವಳು ಸುಟ್ಟ ಅಂಗೈ ಚಾಚಿದಳು. ಅದು ಮಗ್ಗದ ಬೆಂಕಿಯೋ ಒಲೆಯ ಬೆಂಕಿಯೋ, ಯಾರು ಬಲ್ಲರು? ಹಾಗೆಂದೇ ಅವನು ಬರೆದುಕೊಂಡ.

ಅವಳು ಯೋಚಿಸಿದಳು. ಏನು ಹೇಳಿದರೆ ಈ ಮನುಷ್ಯ ನಂಬುತ್ತಾನೆ? ಇವನು ನಂಬದಿದ್ದರೆ ತನ್ನ ಜೀವ ಉಳಿಯುವುದಿಲ್ಲ. ನಡೆದದ್ದರಲ್ಲಿ ಒಂದನ್ನೂ ಬಿಡದೆ ಹೇಳಿಬಿಡೋಣ ಎಂದುಕೊಂಡಳು, ಪಾಪ.

“ಪಕ್ಕದ್ಮನೆ ಅಜ್ಜಿಗೆ ಹೋಗಿ ಬರ್ತೀನಿ ಅಂತ ಹೇಳಿ, ಹಿತ್ಲ ಬಾಗ್ಲಿಂದ ಓಡಿ ಬಂದೆ ಸ್ವಾಮಿ.”

ದುಭಾಷಿ ಪದಕ್ಕೆ ಪದ ಇಟ್ಟು ಹೇಳಿದ. ಅಧಿಕಾರಿ ತಲೆಯೆತ್ತಿದ.

“ಮರಳಿ ಬರುತ್ತೇನೆಂದು ಹೇಳಿ ಹೊರಟೆಯಾ?”

ಏನೋ ಕೆಟ್ಟಿತೆಂದು ಅವಳಿಗೆ ಗೊತ್ತಾಯಿತು. ಏನೆಂದು ಮಾತ್ರ ತಿಳಿಯಲಿಲ್ಲ.

“ಹೌದು ಸ್ವಾಮಿ. ಬರೀ ಹೋಗ್ತೀನಿ ಅಂತ ಯಾರಾದ್ರೂ ಅಂತಾರಾ?”

ದುಭಾಷಿ ಅದನ್ನೂ ಪದಕ್ಕೆ ಪದ ಇಟ್ಟು ಹೇಳಿದ. ಅಧಿಕಾರಿಗೆ ಅದು ಉಡಾಫೆಯಾಗಿ ಕೇಳಿಸಿತು. ‘ಮರಳುವ ಮನಸ್ಸಿದೆ, ಆದ್ದರಿಂದ ಭಯವಿಲ್ಲ’ ಎಂದು ಬರೆದು ಮುದ್ರೆ ಒತ್ತಿದ. ಬಂದ ದಾರಿಯಲ್ಲೇ ಅವಳನ್ನು ಕಳಿಸಿದರು. ಊರ ಅಗಸೆ ಬಾಗಿಲಲ್ಲಿ ಪಾಳೇಗಾರನ ಆಳುಗಳು ಕಾದಿದ್ದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಅಯ್ಯೋ, ಆಕೆ ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲವಲ್ಲ ಗುರುಗಳೇ!”

ಗುರುಗಳು ಹೇಳಿದರು: “ಒಂದು ಹೇಳಿದ್ದಳಪ್ಪ, ಹೊರಡುವಾಗ ಆ ಅಜ್ಜಿಗೆ. ಅಧಿಕಾರಿ ನಂಬಿದ್ದು ಅದೊಂದನ್ನೇ.”