ಬರಿಮೇಲ್ಕಟ್ಟಿನ ಬಂಡೆ

ಮಾರಗೊಂದಿಯ ಚರ್ಚಿನ ಹಿಂಬಾಗಿಲಿನಿಂದ ಹೊರಬಿದ್ದು, ಸಮಾಧಿಗಳ ಬೇಲಿಯ ಪಕ್ಕದಲ್ಲಿ ಇಳಿದುಹೋದರೆ, ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ಕಣದಷ್ಟು ಅಗಲವಾದ ಹಾಸುಬಂಡೆಯೊಂದು ಸಿಗುತ್ತದೆ. ಆಚೆಯ ಗೂಡುಕೇರಿಗೆ ಹೋಗುವ ಕಾಲುದಾರಿ ಈ ಬಂಡೆಯ ಮೇಲೆಯೇ ಹಾಯುತ್ತದೆ, ಬೇರೆ ದಾರಿಯಿಲ್ಲ. ದಾರಿಯ ಎರಡು ಮಗ್ಗುಲಿಗೂ ಎರಡೆರಡರಂತೆ ನಾಲ್ಕು ಗುಂಡಿಗಳಿವೆ. ಒಂದೊಂದೂ ಚೊಂಬು ಕೂರುವಷ್ಟು ಅಗಲ, ಗೇಣುದ್ದ ಆಳ. ಪ್ರತಿ ಗುಂಡಿಗೂ ಈಗ ಕಬ್ಬಿಣದ ಕಂಬಿಯ ಕಾವಲು, ಪಕ್ಕದಲ್ಲಿ ನುಣುಪು ಮಾಡಿದ ಕಲ್ಲಿನ ಹಲಗೆ, ಹಲಗೆಯ ಮೇಲೆ ಒಂದೊಂದು ಮನೆತನದ ಹೆಸರು. ದೂರದೂರಿನಿಂದ ಬಂದವರು ಚಪ್ಪಲಿ ಬಿಟ್ಟು ಗುಂಡಿಯಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ. ಆ ಬತ್ತಿಗಳನ್ನು ಮಾರುವವನೇ ನಾನು. ಆದ್ದರಿಂದ ದೂರುವ ಹಕ್ಕು ನನಗಿಲ್ಲ ಎಂದು ಕೆಲವರು ಅಂದಾರು. ಅನ್ನಲಿ. ಹಬ್ಬದಿಂದ ಹಬ್ಬಕ್ಕೆ ಬುಟ್ಟಿ ಹೊತ್ತು ತಿರುಗಿ ನಾನು ಬಹಳ ಚರ್ಚುಗಳ ಮುಂದೆ ಕೂತಿದ್ದೇನೆ. ನಾಚಿಕೆಪಡಬೇಕಾದ ಜಾಗಕ್ಕೆ ಕಂಬಿ ಹಾಕಿ ಕೈಮುಗಿಯುವ ಊರು ನಾನು ಕಂಡದ್ದು ಇದೊಂದೇ.

ಇದಕ್ಕೆ ಬರಿಮೇಲ್ಕಟ್ಟಿನ ಬಂಡೆ ಎಂಬ ಹೆಸರು ಬಂದ ಬಗೆಯನ್ನು ನನಗೆ ಹೇಳಿದವನು ಗಂಟೆ ಹೊಡೆಯುವ ದೇವಸಗಾಯಪ್ಪ. ಅವನಿಗೆ ಅವನಜ್ಜ ಹೇಳಿದ್ದಂತೆ. ಹಿಂದೆ ಒಮ್ಮೆ, ಚರ್ಚಿನ ಮಾಡಿಗೆ ಇನ್ನೂ ಹೆಂಚು ಬಾರದಿದ್ದ ಕಾಲದಲ್ಲಿ, ಮರ್ಸೆಲ್ ಸ್ವಾಮಿ ಎಂಬ ಫ್ರಾನ್ಸ್ ದೇಶದ ಗುರು ಇಲ್ಲಿಯ ವಿಚಾರಣೆಯನ್ನು, ಎಂದರೆ ಈ ಚರ್ಚಿಗೆ ಸೇರಿದ ಊರುಕೇರಿಗಳನ್ನು, ನೋಡಿಕೊಳ್ಳುತ್ತಿದ್ದರು ಎನ್ನುತ್ತಾರೆ. ಆಗ ಊರಿನ ಹಮ್ಮೆಲ್ಲ ಒಂದು ಮೇಲ್ಕಟ್ಟಿನಲ್ಲಿತ್ತು. ಮೇಲ್ಕಟ್ಟು ಎಂದರೆ ನಾಲ್ಕು ಕೋಲುಗಳ ಮೇಲೆ ಬಿಗಿದ ಬಿಳಿಯ ರೇಷ್ಮೆಯ ಚಪ್ಪರ. ಗುರುಗಳು ಪರಮಪ್ರಸಾದವನ್ನು, ಎಂದರೆ ಕ್ರಿಸ್ತನ ದೇಹವೆಂದು ನಂಬುವ ಪೂಜೆಯ ರೊಟ್ಟಿಯನ್ನು, ಕೈಯಲ್ಲಿ ಹಿಡಿದು ಚರ್ಚಿನಿಂದ ಹೊರಗೆ ಬಂದಾಗ ಅವರ ತಲೆಯ ಮೇಲೆ ಅದನ್ನು ಹಿಡಿಯುವುದು ಪದ್ಧತಿ. ನಾಲ್ಕು ಕೋಲುಗಳಿಗೆ ನಾಲ್ಕು ಮನೆತನ. ಅಪ್ಪ ಸತ್ತರೆ ಮಗ, ಮಗನಿಲ್ಲದಿದ್ದರೆ ಅಳಿಯ. ಈ ನಾಲ್ವರು ಭಾನುವಾರದ ಪೂಜೆಗೆ ಬಂದು ಮುಂದಿನ ಚಾಪೆಯಲ್ಲಿ ಕೂರುತ್ತಿದ್ದರು, ಗುರುಗಳ ಪ್ರಸಂಗದ ಹೊತ್ತಿಗೆ ತಪ್ಪದೆ ನಿದ್ದೆ ಮಾಡುತ್ತಿದ್ದರು, ವರ್ಷದ ಎರಡು ಹಬ್ಬಕ್ಕೆ, ನಡುವೆ ತಮ್ಮವರು ಯಾರಾದರೂ ಸಾಯಲು ಮಲಗಿದರೆ ಆಗಲೂ, ಕೋಲು ಹಿಡಿಯುತ್ತಿದ್ದರು. ಅಲ್ಲಿಗೆ ಅವರ ಕ್ರೈಸ್ತಧರ್ಮ ಮುಗಿಯುತ್ತಿತ್ತು. ಮೇಲ್ಕಟ್ಟಿಗೆ ಒಂದು ಕಟ್ಟುಪಾಡನ್ನು ಅವರೇ ಮಾಡಿಕೊಂಡಿದ್ದರು. ಪರಮಪ್ರಸಾದ ಹೊರಗಿರುವಷ್ಟು ಹೊತ್ತು ಮೇಲ್ಕಟ್ಟನ್ನು ಇಳಿಸಬಾರದು, ಕೋಲನ್ನು ಒರಗಿಸಬಾರದು, ಇನ್ನೊಬ್ಬನ ಕೈಗೆ ದಾಟಿಸಬಾರದು. ಯಾರು ಕೈಬಿಟ್ಟರೋ ಅವರ ಮನೆತನದಿಂದ ಕೋಲು ತಪ್ಪಿಹೋಗುತ್ತದೆ. ಈ ಕಟ್ಟುಪಾಡು ಯಾವ ಧರ್ಮಗ್ರಂಥದಲ್ಲೂ ಇಲ್ಲ. ಆದರೆ ಹತ್ತು ಕಟ್ಟಳೆಗಳಲ್ಲಿ ಮೂರನ್ನು ಮರೆತವರೂ ಇದನ್ನು ಬಾಯಿಪಾಠ ಒಪ್ಪಿಸುತ್ತಿದ್ದರು.

ಗೂಡುಕೇರಿಯವರು ಸುಣ್ಣ ಸುಡುವವರು. ಚರ್ಚಿನ ಗೋಡೆಗೆ ಬಳಿದದ್ದು ಅವರ ಗೂಡಿನ ಸುಣ್ಣ, ಗೋಡೆ ಎದ್ದದ್ದು ಅವರ ಬೆನ್ನ ಮೇಲೆ. ಆದರೂ ಪೂಜೆಯ ಹೊತ್ತಿಗೆ ಅವರ ಜಾಗ ಬಾಗಿಲ ಹೊರಗಿನ ಜಗಲಿ. ಅದೇ ಕೇರಿಯ ಕಾಣಿಕಮ್ಮ ಎಂಬಾಕೆ ಶನಿವಾರ ಶನಿವಾರ ಚರ್ಚಿನ ನೆಲ ಸಾರಿಸುತ್ತಿದ್ದಳು, ಬಲಿಪೀಠದ ವಸ್ತ್ರ ಒಗೆಯುತ್ತಿದ್ದಳು. ಊರಿನಲ್ಲಿ ಯಾರಿಗೆ ಜ್ವರ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ಸ್ವಾಮಿಗಳಿಗಿಂತ ಮುಂಚೆ ಅವಳಿಗೆ ತಿಳಿಯುತ್ತಿತ್ತು. ಸೂಲಗಿತ್ತಿಯೂ ಅವಳೇ, ಚರ್ಚಿನ ಸುತ್ತಲಿನ ಮೇಲೂರಿನ ಬಹುಪಾಲು ಮಕ್ಕಳು ಅವಳ ಕೈಗೆ ಬಿದ್ದು ಅತ್ತವು. ಹೆರಿಗೆಗೆ ಅವಳು ಹಿತ್ತಿಲ ಬಾಗಿಲಿನಿಂದ ಒಳಗೆ ಬರಬಹುದಾಗಿತ್ತು, ನಾಮಕರಣದ ಊಟಕ್ಕಲ್ಲ. ಮೇಲ್ಕಟ್ಟಿನ ರೇಷ್ಮೆಯನ್ನು ಮೂವತ್ತು ವರ್ಷ ಒಗೆದು, ಗಂಜಿ ಹಾಕಿ, ನೆರಳಲ್ಲಿ ಒಣಗಿಸಿ ಕೊಟ್ಟವಳೂ ಅವಳೇ. ತನ್ನ ಕೇರಿಗೆ ಅದು ಬಂದದ್ದನ್ನು ಮಾತ್ರ ಅವಳು ಕಂಡಿರಲಿಲ್ಲ. ಮೇಲೂರಿನಲ್ಲಿ ಯಾರಾದರೂ ಸಾಯಲು ಮಲಗಿದರೆ ಅವರ ಮಂಚದವರೆಗೂ ಪರಮಪ್ರಸಾದ ಮೇಲ್ಕಟ್ಟಿನ ಕೆಳಗೆ ಬರುತ್ತಿತ್ತು. ಗೂಡುಕೇರಿಯವರು ಸಾಯಲು ಮಲಗಿದರೆ ಸ್ವಾಮಿಗಳು ಒಬ್ಬರೇ, ಪ್ರಸಾದದ ಭರಣಿಯನ್ನು ನಿಲುವಂಗಿಯೊಳಗೆ ಮರೆಸಿಕೊಂಡು, ಕಳ್ಳನಂತೆ ಹೋಗಿಬರುತ್ತಿದ್ದರು. ಮರ್ಸೆಲ್ ಸ್ವಾಮಿಯೂ ಹನ್ನೆರಡು ವರ್ಷ ಹಾಗೆಯೇ ಹೋಗಿಬಂದವರು. ಅವರ ಮನೆ ಕಟ್ಟಿಸಿಕೊಟ್ಟವರು ಆ ನಾಲ್ವರು. ತಿಂದ ಅನ್ನ ಬಾಯಿ ಕಟ್ಟಿಸಿತ್ತು. ದೇವಸಗಾಯಪ್ಪ ಇದನ್ನು ಹೇಳುವಾಗ ದನಿ ತಗ್ಗಿಸಿದ. ತಗ್ಗಿಸಬೇಕಾದ ಅಗತ್ಯ ನನಗೇನೂ ಕಾಣಲಿಲ್ಲ.

ಒಂದು ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಕಾಣಿಕಮ್ಮ ಹಾಸಿಗೆ ಹಿಡಿದಳು. ಸುಣ್ಣದ ಧೂಳು ಎದೆಗೆ ಕೂತು ಉಸಿರು ಕಟ್ಟುತ್ತಿತ್ತು. ಅವಳ ಮಗಳು ಬಂದು ಸ್ವಾಮಿಗಳ ಮುಂದೆ ನಿಂತು, ಅಮ್ಮ ಪ್ರಸಾದ ಕೇಳುತ್ತಿದ್ದಾಳೆ, ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದಾಳೆ ಎಂದಳಂತೆ. ನಾನು ಒಗೆದ ಬಟ್ಟೆ ಒಂದು ಸಲ ನನ್ನ ಬಾಗಿಲಿಗೂ ಬರಲಿ, ಇಷ್ಟೇ. ಹನ್ನೆರಡು ವರ್ಷ ಕಣ್ಣುಮುಚ್ಚಿಕೊಂಡಿದ್ದ ಸ್ವಾಮಿಗಳಿಗೆ ಈ ಮಾತು ಎಲ್ಲಿಗೆ ತಾಗಿತೋ, ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ, ಎಲ್ಲರೆದುರಿಗೆ, ಗೂಡುಕೇರಿಗೆ ಪ್ರಸಾದ ಹೋಗುತ್ತದೆ, ಮೇಲ್ಕಟ್ಟು ತನ್ನಿ ಎಂದರು. ಸಭೆಯ ನಡುವೆ ಒಲ್ಲೆ ಎನ್ನುವ ಧೈರ್ಯ ನಾಲ್ವರಿಗೂ ಇರಲಿಲ್ಲ. ಅಂಥವರಿಗೆ ಅದು ಯಾವತ್ತೂ ಇರುವುದಿಲ್ಲ. ಕೋಲು ಹಿಡಿದು ಹೊರಟರು. ಮುಂದಿನ ಎರಡು ಕೋಲಿಗೆ ಪಟೇಲ ಇನ್ನಾಸಪ್ಪ ಮತ್ತು ಅವನ ಷಡ್ಡಕ ಗಬ್ರೇಲಪ್ಪ. ಹಿಂದಿನವಕ್ಕೆ ಮುದುಕ ರಾಯಪ್ಪ ಮತ್ತು ಇನ್ನೂ ಮೀಸೆ ಬಲಿಯದ ತೋಮಪ್ಪ. ಈ ತೋಮಪ್ಪನನ್ನು ಹೆತ್ತ ತಾಯಿ ಹೆರಿಗೆಯಲ್ಲೇ ಹೋಗಿದ್ದಳು. ತಿಂಗಳುಗಟ್ಟಲೆ ಅವನಿಗೆ ಆಡಿನ ಹಾಲು ಕುಡಿಸಿ ಬದುಕಿಸಿದವಳು ಕಾಣಿಕಮ್ಮ.

ಬಂಡೆಯ ಮೇಲೆ ಬಂದಾಗ ಇನ್ನಾಸಪ್ಪ ನಿಂತುಬಿಟ್ಟ. ಅವನು ನಿಂತದ್ದನ್ನು ನೋಡಿ ಉಳಿದವರೂ ನಿಂತರು. ಮುಂದೆ ಕೇರಿಯ ಗೂಡುಗಳ ಹೊಗೆ ಕಾಣಿಸುತ್ತಿತ್ತು.

"ಮೇಲ್ಕಟ್ಟು ಇಲ್ಲಿಗಂಟ ಬಂತಲ್ಲ ಸ್ವಾಮಿ, ಅದೇ ದೊಡ್ಡದು," ಎಂದ ಇನ್ನಾಸಪ್ಪ. "ನಮ್ಮ ಕಾಲು ಆ ಕೇರಿ ತುಳ್ದಿಲ್ಲ. ತಾವು ಹೋಗಿ ಬಿರಬಿರನೆ ಮುಗಿಸ್ಕೊಂಡ್ ಬನ್ನಿ, ನಾವು ನಿಂತಿರ್ತೀವಿ."

ಸ್ವಾಮಿಗಳು ಭರಣಿಯನ್ನು ಎದೆಗೊತ್ತಿಕೊಂಡು ಅವನ ಕಡೆ ತಿರುಗಿದರು. ಅವರ ಕನ್ನಡ ಪುಸ್ತಕದ್ದು. ಊರವರು ಹಿಂದಿನಿಂದ ಅಣಕಿಸುತ್ತಿದ್ದರು. ಆವತ್ತು ಯಾರೂ ನಗಲಿಲ್ಲ.

"ಒಳ್ಳೆಯದು. ಪ್ರಸಾದವು ಹೊರಗಿರುವ ತನಕ ಇಳಿಸಬಾರದು, ಒರಗಿಸಬಾರದು, ದಾಟಿಸಬಾರದು. ಈ ನಿಯಮವನ್ನು ನೀವೇ ನನಗೆ ಕಲಿಸಿದಿರಿ, ಇನ್ನಾಸಪ್ಪನವರೆ."

ಹೀಗೆಂದವರೇ ಮೇಲ್ಕಟ್ಟಿನ ನೆರಳಿನಿಂದ ಬಿಸಿಲಿಗೆ ನಡೆದು ಕೇರಿಗೆ ಇಳಿದರು. ಕಾಣಿಕಮ್ಮನಿಗೆ ಇನ್ನೂ ಎಚ್ಚರವಿತ್ತು. ಬಾಗಿಲ ಕಡೆ ನೋಡುತ್ತ, ಮೇಲ್ಕಟ್ಟು ಬಂತೇ ಎಂದು ಕೇಳಿದಳು. ಸ್ವಾಮಿಗಳು ಸುಳ್ಳು ಹೇಳಲಿಲ್ಲ. ಬಂಡೆಯವರೆಗೆ ಬಂದಿದೆ ತಾಯಿ, ನಾಲ್ಕು ಜನ ಹಿಡಿದು ನಿಂತಿದ್ದಾರೆ ಎಂದರು. ಅವಳು ಅಳುತ್ತಾಳೆ ಎಂದುಕೊಂಡರಂತೆ. ಅವಳಿಗೆ ನಗು ಬಂದು, ನಗುವಿಗೆ ಕೆಮ್ಮು ಹತ್ತಿ, ಕೆಮ್ಮು ನಿಂತ ಮೇಲೆ ಹೇಳಿದಳು:

"ನಿಂತ್ಕಂಡಿರ್ಲಿ ಬುಡಿ ಸ್ವಾಮಿ. ಮೋಡ ಕಟ್ಕಂಡದೆ. ನೆಂದ ಬಟ್ಟೆ ಏಟು ಭಾರ ಅಂತ ಅವರ್ಗೂ ಒಸಿ ಗೊತ್ತಾಗ್ಲಿ."

ಪ್ರಸಾದ ಕೊಟ್ಟು ಸ್ವಾಮಿಗಳು ಹಿಂದಿರುಗಲಿಲ್ಲ. ಭರಣಿಯಲ್ಲಿ ಇಡೀ ಕೇರಿಗೆ ಸಾಲುವಷ್ಟು ಪ್ರಸಾದ ತಂದಿದ್ದರು. ಅದನ್ನು ಕಾಣಿಕಮ್ಮನ ದೀಪದ ಗೂಡಿನಲ್ಲಿಟ್ಟು, ಮುದುಕರು, ಬಾಣಂತಿಯರು, ಜಗಲಿಯಲ್ಲೇ ಆಯಸ್ಸು ಕಳೆದವರು, ಎಲ್ಲರ ಪಾಪನಿವೇದನೆ ಕೇಳುತ್ತ ಕೂತರು. ಹನ್ನೆರಡು ವರ್ಷದ ಬಾಕಿ ಕೆಲಸ ಅದು. ಒಂದು ದಿನಕ್ಕೆ ಮುಗಿಯಲಿಲ್ಲ. ಕಾಣಿಕಮ್ಮನ ಜೀವವೂ ಬೇಗ ಹೋಗಲಿಲ್ಲ. ಮೂರು ದಿನ ಹಿಡಿಯಿತು ಎನ್ನುತ್ತಾರೆ.

ಮೂರು ದಿನವೂ ನಾಲ್ವರು ಬಂಡೆಯ ಮೇಲೆ ನಿಂತಿದ್ದರು. ಮೇಲ್ಕಟ್ಟಿನ ಕೆಳಗೆ ದೇವರಿಲ್ಲ, ಗುರುವಿಲ್ಲ, ಒಂದು ನಾಯಿಯೂ ಇಲ್ಲ. ಹೆಂಡತಿಯರು ಮುದ್ದೆ ತಂದು ಬಾಯಿಗಿಟ್ಟರು. ಎರಡನೆಯ ದಿನ ಮಳೆ ಬಂದು ರೇಷ್ಮೆ ನೀರು ಕುಡಿದು ಜೋತುಬಿತ್ತು; ಕೋಲುಗಳು ಕಲ್ಲಿಗೆ ಇಳಿಯತೊಡಗಿದವು. ಇದನ್ನು ಈಗಿನವರು ಭಕ್ತಿ ಎನ್ನುತ್ತಾರೆ. ಭಕ್ತಿಯೂ ಅಲ್ಲ, ಮಣ್ಣೂ ಅಲ್ಲ. ನಾನು ಕೈಬಿಟ್ಟರೆ ನನ್ನ ಕೋಲು ಯಾರ ಅಳಿಯನಿಗೆ ಹೋಗುತ್ತದೋ ಎಂದು ಪ್ರತಿಯೊಬ್ಬನೂ ಉಳಿದ ಮೂವರನ್ನು ಕಾಯುತ್ತಿದ್ದ. ಮನೆಗೆ ಹೋಗೋಣ ಎಂದು ನಾಲ್ವರಿಗೂ ಅನಿಸುತ್ತಿತ್ತು, ಆದರೆ ಮೊದಲು ಹೇಳಿದವನು ಕೆಟ್ಟ. ನಾಲ್ಕು ಜನ ಒಂದೇ ಮನಸ್ಸಿನಿಂದ ಮಾಡಿದ ಕೆಲಸ ಮಾರಗೊಂದಿಯ ಚರಿತ್ರೆಯಲ್ಲಿ ಇದೊಂದೇ ಇರಬೇಕು.

ಮೂರನೆಯ ಬೆಳಿಗ್ಗೆ ಕೇರಿಯಿಂದ ಹೆಂಗಸರ ಅಳು ಕೇಳಿಸತೊಡಗಿತು. ಕಡೆಗಾಲ ಬಂತೆಂದು ಎಲ್ಲರಿಗೂ ತಿಳಿಯಿತು. ತೋಮಪ್ಪ ಇನ್ನಾಸಪ್ಪನನ್ನು ಕರೆದ.

"ಮಾವ, ಒಂದೇ ಒಂದ್ಸಲ ಮೊಕ ನೋಡ್ಕೊಂಡ್ ಬತ್ತೀನಿ. ನನ್ನ ಸಾಕಿದೋಳು ಅವ್ಳು."

ಇನ್ನಾಸಪ್ಪ ತಿರುಗಿ ಕೂಡ ನೋಡಲಿಲ್ಲ. "ಹೋಗಪ್ಪ, ಯಾರು ಹಿಡ್ಕೊಂಡವ್ರೆ? ಕೋಲಿಗೆ ನಮ್ಮ ಅಳಿಯ ಅವ್ನೆ."

ಹೋಗಿದ್ದರೆ ಈ ಬಂಡೆಯಲ್ಲಿ ಮೂರೇ ಗುಂಡಿ ಇರುತ್ತಿದ್ದವು. ತೋಮಪ್ಪ ಹೋಗಲಿಲ್ಲ. ಇನ್ನಾಸಪ್ಪನ ಸೊಕ್ಕನ್ನಾದರೂ ನಾನು ಹುಟ್ಟುಗುಣವೆಂದು ಬಿಟ್ಟೇನು. ಕಣ್ಣಲ್ಲಿ ನೀರು ತುಂಬಿಕೊಂಡು ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದ ಆ ಹುಡುಗುಮೀಸೆಯವನ ಗುಂಡಿಯ ಮೇಲೆ ಉಗಿಯಬೇಕೆನಿಸುತ್ತದೆ.

ಅವಳು ಹೋದದ್ದು ಬಿಸಿಲೇರುವ ಹೊತ್ತಿಗೆ. ಕೇರಿಯ ಗಂಡಸರು ಅವಳನ್ನು ಮಂಚದ ಮೇಲೆ ಮಲಗಿಸಿ, ಚರ್ಚಿನ ಸಮಾಧಿಭೂಮಿಯ ಕಡೆ ಹೊತ್ತು ತಂದರು. ಮುಂದೆ ಭರಣಿ ಹಿಡಿದ ಸ್ವಾಮಿಗಳು, ಹಿಂದೆಯೇ ಮಂಚ, ಮಂಚದ ಹಿಂದೆ ಇಡೀ ಗೂಡುಕೇರಿ. ದಾರಿ ಇರುವುದು ಒಂದೇ. ಅದು ನಾಲ್ಕು ಕೋಲುಗಳ ನಡುವೆಯೇ ಹಾದುಹೋಗಬೇಕು. ಇನ್ನಾಸಪ್ಪನಿಗೆ ಅದು ಹೊಳೆದದ್ದು ಆಗ. ಸ್ವಾಮಿಗಳು ಮೇಲ್ಕಟ್ಟಿನ ಕೆಳಗೆ ಬಂದರೆ ಮೇಲ್ಕಟ್ಟು ಅವರೊಂದಿಗೆ ನಡೆಯಬೇಕು, ನಡೆದರೆ ಬೆನ್ನಿಗಿರುವ ಹೆಣವೂ ಅದರ ಕೆಳಗೇ ಬರುತ್ತದೆ. ಇಳಿಸೋಣವೆಂದರೆ ಕೋಲು ಹೋಗುತ್ತದೆ. ಹೆಣ ಹಿಂದೆ ಇರಲಿ ಸ್ವಾಮಿ, ತಾವು ಮುಂದೆ ಬನ್ನಿ ಎಂದು ಬೇಡಿಕೊಂಡನಂತೆ. ಸ್ವಾಮಿಗಳು ಒಂದು ಹೆಜ್ಜೆ ಹಿಂದೆ ಸರಿದು, ಮಂಚದ ಪಕ್ಕಕ್ಕೆ, ಕಾಣಿಕಮ್ಮನ ತಲೆಯ ಸರಿಗೆ ಬಂದು ನಡೆದರು.

ನಾಲ್ವರೂ ನಿಂತಲ್ಲೇ ನಿಂತರು. ಯಾವ ಪ್ರಸಾದದ ಮರ್ಯಾದೆಗೆಂದು ಮೂರು ದಿನ ಮೇಲ್ಕಟ್ಟು ಹಿಡಿದಿದ್ದರೋ, ಆ ಪ್ರಸಾದವೇ ಅವರ ನಡುವೆ ಹಾದುಹೋಯಿತು. ಒಬ್ಬನೂ ಕಾಲು ಎತ್ತಲಿಲ್ಲ. ಆ ಬಂಡೆಯ ಮೇಲೆ ಎಂಟು ಹೆಜ್ಜೆಯಷ್ಟು ದೂರ, ಕಾಣಿಕಮ್ಮ ತಾನು ಒಗೆದ ಬಟ್ಟೆಯ ನೆರಳಿನಲ್ಲಿ ಹೋದಳು. ರೇಷ್ಮೆಯಲ್ಲಿ ನಿಂತಿದ್ದ ಮಳೆನೀರು ಅವಳ ಹಣೆಯ ಮೇಲೆ ತೊಟ್ಟಿಕ್ಕಿತು ಎನ್ನುತ್ತಾರೆ. ಆಮೇಲೆ ಮೇಲ್ಕಟ್ಟು ಮತ್ತೆ ಬರಿದಾಯಿತು. ಅವಳನ್ನು ಮಣ್ಣು ಮಾಡಿ, ಭರಣಿಯನ್ನು ಚರ್ಚಿನೊಳಗಿಟ್ಟು, ಗಂಟೆ ಹೊಡೆಸಿದ ಮೇಲೆಯೇ ನಾಲ್ವರು ಕೋಲುಗಳನ್ನು ಕಲ್ಲಿನಿಂದ ಕಿತ್ತುಕೊಂಡು ಮನೆಗೆ ಹೋದದ್ದು. ಆ ದಿನದಿಂದ ಮರ್ಸೆಲ್ ಸ್ವಾಮಿ ಬದುಕಿರುವ ತನಕ ಮೇಲ್ಕಟ್ಟಿನ ಕೆಳಗೆ ಕಾಲಿಡಲಿಲ್ಲವಂತೆ. ಮೆರವಣಿಗೆಯಲ್ಲಿ ಪ್ರಸಾದ ಹಿಡಿದು ಕಟ್ಟಕಡೆಗೆ, ಗೂಡುಕೇರಿಯವರ ನಡುವೆ ನಡೆಯುತ್ತಿದ್ದರು. ಮೇಲ್ಕಟ್ಟು ಮುಂದೆ ಮುಂದೆ ಖಾಲಿಯಾಗಿ ಹೋಗುತ್ತಿತ್ತು. ನಾಲ್ವರೂ ಎದೆ ಸೆಟೆದು ಹಿಡಿಯುತ್ತಲೇ ಇದ್ದರು. ಕೆಳಗೆ ಯಾರಿದ್ದಾರೆ ಎಂದು ಅವರು ಮೊದಲೂ ಬಗ್ಗಿ ನೋಡಿದವರಲ್ಲ, ಆದ್ದರಿಂದ ವ್ಯತ್ಯಾಸವೇನೂ ತಿಳಿಯಲಿಲ್ಲ.

ಬರಿಮೇಲ್ಕಟ್ಟಿನ ಬಂಡೆ ಎಂದು ಮೊದಲು ಕರೆದವರು ಗೂಡುಕೇರಿಯವರು, ನಗುತ್ತ ಕರೆದದ್ದು. ಎರಡು ತಲೆಮಾರು ಕಳೆಯುವಷ್ಟರಲ್ಲಿ ನಗು ಉದುರಿಹೋಯಿತು, ಹೆಸರು ಉಳಿಯಿತು. ಈಗ ಹಬ್ಬದ ದಿನ ನಾಲ್ಕು ಮನೆತನದವರೂ ಶಾಲು ಹೊದ್ದು ಬಂದು, ತಂತಮ್ಮ ಗುಂಡಿಯಲ್ಲಿ ಕೋಲು ಊರಿ ಫೋಟೊ ತೆಗೆಸಿಕೊಳ್ಳುತ್ತಾರೆ. ಹೋದ ವರ್ಷ ಇನ್ನಾಸಪ್ಪನ ಗುಂಡಿ ಎಡಗಡೆಯದೋ ಬಲಗಡೆಯದೋ ಎಂದು ಎರಡು ಮನೆಯವರು ಕೈಕೈ ಮಿಲಾಯಿಸಿದರು. ಆಗ ಕಾಣಿಕಮ್ಮನ ಮರಿಮಗಳ ಮಗಳು ಮಿಕೇಲಮ್ಮ ಚರ್ಚಿನ ಹಿಂದೆ ಅದೇ ಮೇಲ್ಕಟ್ಟಿನ ಬಟ್ಟೆಯನ್ನು ಹಿಂಡುತ್ತಿದ್ದಳು. ಅವಳು ಭಾನುವಾರ ಮಕ್ಕಳಿಗೆ ಜಪ ಕಲಿಸುತ್ತಾಳೆ. ಇನ್ನಾಸಪ್ಪನ ವಂಶದ ಮುದುಕಿ ನಾಲ್ಕು ವರ್ಷದಿಂದ ಹಾಸಿಗೆ ಹಿಡಿದಿದ್ದಾಳೆ, ಆಕೆಗೆ ಮೈ ತೊಳೆಸುವವಳೂ ಇವಳೇ. ನಿನಗೆ ಹೊಟ್ಟೆ ಉರಿಯುವುದಿಲ್ಲವೇ ತಾಯಿ ಎಂದು ಕೇಳಿದೆ.

"ಕೊಳೆ ಬಟ್ಟೆ ಅಂದ್ಮೇಲೆ ಒಗೀಲೇಬೇಕಲ್ಲಣ್ಣ," ಎಂದಳು. "ಯಾರು ಹಿಡ್ಕಂಡಿದ್ರು ಅಂತ ಕೇಳ್ತಾ ಕುಂತ್ರೆ ಇದು ಒಣಗೋದ್ ಯಾವಾಗ? ಆ ತುದಿ ಒಸಿ ಹಿಡ್ಕೊ."

ನಾನು ಆ ತುದಿ ಹಿಡಿದುಕೊಂಡೆ. ನೆಂದ ರೇಷ್ಮೆ ನಿಜವಾಗಿಯೂ ಭಾರ.

ನೀವೂ ಹೋದರೆ ನೋಡಬಹುದು. ಹಾಸುಬಂಡೆ, ಕಂಬಿ, ನಾಲ್ಕು ಹೆಸರಿನ ಹಲಗೆ, ಗುಂಡಿಗಳ ಸುತ್ತ ಗಟ್ಟಿಯಾದ ಮೇಣ. ಮಳೆಗಾಲದಲ್ಲಿ ಗುಂಡಿಗಳು ತುಂಬುತ್ತವೆ. ಗೂಡುಕೇರಿಯ ಆಡುಗಳು ಕಂಬಿಯೊಳಗೆ ಮೂತಿ ತೂರಿಸಿ ಕುಡಿಯುತ್ತವೆ. ಇದು ಹಿಂದೆ ಕಲ್ಲೊಡೆಯುವವರು ಕೊರೆದ ಗುಂಡಿ, ಕೋಲಿನಿಂದ ಎಲ್ಲಾದರೂ ಕಲ್ಲು ತೂತಾಗುತ್ತದೆಯೇ ಎಂದು ಒಬ್ಬ ಕಲ್ಲುಕುಟಿಗ ನನ್ನೊಡನೆ ವಾದಿಸಿದ್ದಾನೆ. ಅವನ ಮಾತೇ ನಿಜವಿರಬೇಕು. ಏಕೆಂದು ಕೇಳಿ. ಬಂಡೆಯಿಂದ ಕಾಣಿಕಮ್ಮನ ಹೊಸ್ತಿಲಿಗೆ ನೂರಾ ಎಂಬತ್ತೇ ಹೆಜ್ಜೆ, ನಾನು ಅಳೆದಿದ್ದೇನೆ. ಹೊಸ್ತಿಲ ಕಲ್ಲು ಇನ್ನೂ ಅಲ್ಲೇ ಇದೆ. ಬರುವ ಭಕ್ತರೆಲ್ಲ ಗುಂಡಿಗೆ ಕೈಮುಗಿದು, ಬತ್ತಿ ಹಚ್ಚಿ, ಕೇರಿಯ ಕಡೆ ಒಮ್ಮೆ ನೋಡಿ, ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ಮುಂದಕ್ಕೆ ಹೋಗದೆ ನಿಂತವರ ಭಾರಕ್ಕೆ ಕಲ್ಲು ಕುಸಿಯುವುದು ದಿಟವಾಗಿದ್ದರೆ ಆ ಬಂಡೆ ಇಷ್ಟು ಹೊತ್ತಿಗೆ ಜರಡಿಯಾಗಬೇಕಿತ್ತು.