ಏರಿನಲ್ಲಿ ನಿಂತ ಗಾಡಿ

“ಬುದ್ಧಿ, ನನ್ನ ಕೈಲಿ ಆಗುತ್ತಿಲ್ಲ. ಕಾಲೇಜು ಬಿಟ್ಟುಬಿಡಲೇ?”

ಕೇಳಿದವನು ನಿಜಗುಣ, ಎಂಜಿನಿಯರಿಂಗ್ ಎರಡನೆಯ ವರ್ಷದ ಹುಡುಗ. ಕಾಲೇಜಿನ ಹಾಸ್ಟೆಲಿಗೆ ಹತ್ತಿರದಲ್ಲೇ ಮಠ. ಹುಡುಗರು ಆಗಾಗ ಬಂದು ಗುರುಗಳಿಗೆ ಅಡ್ಡಬಿದ್ದು ಹೋಗುವುದುಂಟು. ಇವನು ಅಡ್ಡಬಿದ್ದವನು ಮೇಲೆ ಏಳುವುದಕ್ಕೇ ತಡಮಾಡಿದ. ಪರೀಕ್ಷೆ ಹತ್ತಿರ ಬಂದಿತ್ತು. ಪುಸ್ತಕ ತೆರೆದರೆ ಎದೆ ಡವಡವ ಎನ್ನುತ್ತಿತ್ತು. ಅನ್ನ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ.

“ಈ ಮಾತನ್ನು ಇನ್ಯಾರಿಗಾದರೂ ಹೇಳಿದ್ದೀಯಾ?” ಎಂದು ಗುರುಗಳು ಕೇಳಿದರು.

“ಹೇಗೆ ಹೇಳಲಿ ಬುದ್ಧಿ? ಪಿಯುಸಿಯಲ್ಲಿ ತಾಲ್ಲೂಕಿಗೇ ಮೊದಲು ಬಂದವನು ನಾನು. ಊರಲ್ಲಿ ಈಗಲೇ ಎಂಜಿನಿಯರ್ ಸಾಹೇಬ್ರು ಅಂತ ಕರೆಯುತ್ತಾರೆ.”

“ಓಹೋ, ಸಾಹೇಬರೇ! ಗೊತ್ತಿರಲಿಲ್ಲ, ತಪ್ಪಾಯಿತು,” ಎಂದು ಗುರುಗಳು ನಕ್ಕರು. “ಹಾಗಾದರೆ ಕೂತುಕೊಳ್ಳಿ. ಒಂದು ಗಾಡಿಯ ಕತೆ ಹೇಳುತ್ತೇನೆ. ಬಿಡುವುದೋ ಹಿಡಿಯುವುದೋ ಆಮೇಲೆ ನೋಡೋಣ.”

ಹುಡುಗ ಕಣ್ಣೊರೆಸಿಕೊಂಡು ಕೂತ. ಗುರುಗಳು ಹೇಳತೊಡಗಿದರು.

ಬಯಲುಸೀಮೆಯ ಒಂದೂರಿನಲ್ಲಿ ಒಬ್ಬ ಗಾಡಿಯವನಿದ್ದ. ಅವನ ಜೋಡಿ ಎತ್ತುಗಳಿಗೆ ಸುತ್ತಮುತ್ತ ಸಾಟಿ ಇರಲಿಲ್ಲ. ಆ ಊರಿನಲ್ಲಿ ಒಂದು ರೂಢಿ. ಯಾರ ಗಾಡಿಯಾದರೂ ಕೆಸರಿನಲ್ಲೋ ಹಳ್ಳದಲ್ಲೋ ಸಿಕ್ಕಿಕೊಂಡು, ಇನ್ನೊಬ್ಬನ ಎತ್ತು ಬಂದು ಎಳೆಯಬೇಕಾಯಿತೆನ್ನಿ, ಸಿಕ್ಕಿಕೊಂಡವನು ತನ್ನ ಎತ್ತುಗಳ ಕೊರಳ ಗಂಟೆಯನ್ನು ಬಿಚ್ಚಿ ಎಳೆದವನಿಗೆ ಕೊಡಬೇಕು. ಕೊಟ್ಟವನ ಎತ್ತು ಆಮೇಲೆ ಸದ್ದಿಲ್ಲದೆ ಊರೊಳಗೆ ಬರಬೇಕು. ಅದಕ್ಕಿಂತ ಅವಮಾನ ಆ ಜನಕ್ಕೆ ಬೇರೆ ಇರಲಿಲ್ಲ. ನಮ್ಮ ಗಾಡಿಯವನು ಎಷ್ಟೋ ಜನರ ಗಂಟೆ ಗೆದ್ದಿದ್ದ. ತನ್ನದನ್ನು ಒಂದು ಸಲವೂ ಬಿಚ್ಚಿರಲಿಲ್ಲ. ಬೀದಿಯಲ್ಲಿ ಅವನ ಎತ್ತು ಹೊರಟರೆ ಹೆಂಗಸರು ಮಕ್ಕಳು ಬಾಗಿಲಿಗೆ ಬಂದು ನೋಡುತ್ತಿದ್ದರು. ಅವನೂ ಮೀಸೆಯ ಮೇಲೆ ಕೈಯಾಡಿಸಿಕೊಂಡೇ ಹೋಗುತ್ತಿದ್ದ, ಸುಳ್ಳೇಕೆ ಹೇಳಲಿ?

ಒಂದು ವರ್ಷ ಅವನು ಕರಾವಳಿಗೆ ಇಳಿದು ಗಾಡಿಯ ತುಂಬ ಉಪ್ಪು ಹೇರಿಕೊಂಡ. ಮಳೆಗಾಲಕ್ಕೆ ಮುಂಚೆ ಅದು ಘಟ್ಟ ಹತ್ತಬೇಕಿತ್ತು. ಘಟ್ಟದ ಬುಡಕ್ಕೆ ಬಂದು ನೋಡುತ್ತಾನೆ, ಅಲ್ಲಿ ಗಾಡಿಗಳು ಎರಡೆರಡಾಗಿ ನಿಂತಿವೆ. ಒಬ್ಬ ಮುದುಕ ಗಾಡಿಯವನು ಎದ್ದು ಬಂದು, “ತಮ್ಮಾ, ಒಳ್ಳೆ ಹೊತ್ತಿಗೆ ಬಂದೆ. ನನಗೂ ಜೊತೆ ಇರಲಿಲ್ಲ. ನನ್ನ ಜೋಡಿಯನ್ನು ನಿನ್ನ ಗಾಡಿಯ ಮುಂದೆ ಹೂಡೋಣ. ನಿನ್ನದು ಮೇಲೆ ಸೇರಲಿ, ಆಮೇಲೆ ನಾಲ್ಕೂ ಎತ್ತು ಇಳಿದು ಬಂದು ನನ್ನದನ್ನು ಎಳೆಯಲಿ,” ಎಂದ.

ಗಾಡಿಯವನಿಗೆ ಮೈ ಉರಿದುಹೋಯಿತು. ಇನ್ನೂ ಒಂದು ಹೆಜ್ಜೆ ಇಟ್ಟಿಲ್ಲ, ಆಗಲೇ ನನ್ನ ಗಂಟೆಯ ಮೇಲೆ ಕಣ್ಣು ಹಾಕಿದನಲ್ಲ ಈ ಮುದುಕ ಎಂದುಕೊಂಡ. “ನನ್ನ ಎತ್ತು ಯಾವುದು ಅಂತ ನಿನಗೆ ಗೊತ್ತಿಲ್ಲ ಬಿಡು,” ಎಂದು ಬಾರುಕೋಲು ಬೀಸಿ ಒಬ್ಬನೇ ಏರು ಹಿಡಿದ.

ಮೊದಲ ತಿರುವು ಹತ್ತಿದ. ಎರಡನೆಯದೂ ಆಯಿತು. ಅಲ್ಲಿಂದ ಮುಂದೆ ಏರು ಕಡಿದಾಯಿತು, ದಾರಿ ಒಂದೇ ಗಾಡಿ ಹಿಡಿಯುವಷ್ಟು ಕಿರಿದಾಯಿತು. ಗಾಡಿ ನಿಂತುಬಿಟ್ಟಿತು. ಅವನು ಕೆಳಗೆ ಹಾರಿ ಚಕ್ರಕ್ಕೆ ಹೆಗಲು ಕೊಟ್ಟ. ಎತ್ತುಗಳ ಬಾಯಲ್ಲಿ ನೊರೆ. ಹಿಂದಿನಿಂದ ಯಾರೋ, “ಚಕ್ರಕ್ಕೆ ಕಲ್ಲು ಕೊಡಲೇನಪ್ಪಾ?” ಎಂದು ಕೂಗಿದರು. ಮಹಾರಾಯ ಏನೆಂದ ಗೊತ್ತೇ? “ಏನೂ ಬೇಡ, ಸುಮ್ಮನೆ ಗಾಳಿ ತಗೊಳ್ತಾ ನಿಂತಿದ್ದೀನಿ” ಎಂದ! ಗಾಡಿ ಹೆಗಲನ್ನು ಜಜ್ಜುತ್ತಿದೆ, ಇವನು ಗಾಳಿ ತೆಗೆದುಕೊಳ್ಳುತ್ತಿದ್ದಾನೆ.

ಎಂದೂ ಹೊಡೆಯದವನು ಅಂದು ಎತ್ತುಗಳಿಗೆ ಹೊಡೆದ. ಬಲಗಡೆಯದು ಮಂಡಿಯೂರಿತು. ಊರಿದ್ದು ಏಳಲಿಲ್ಲ. ತಲೆ ಹೊರಳಿಸಿ ಅವನ ಮುಖವನ್ನೇ ನೋಡಿತು. ಕರುವಾಗಿದ್ದಾಗಿನಿಂದ ಕೈಯಾರೆ ಹುಲ್ಲು ತಿನ್ನಿಸಿ ಸಾಕಿದ ಎತ್ತು ಅದು. ಪಡುವಣದಲ್ಲಿ ಮೋಡ ಕಪ್ಪಿಡುತ್ತಿತ್ತು. ಒಂದು ಜಡಿಮಳೆ ಹಿಡಿದರೆ ಸಾಕು, ಉಪ್ಪೆಲ್ಲ ಕರಗಿ ನೀರು. ಇನ್ನೊಂದು ಗಳಿಗೆ ಹೀಗೇ ನಿಂತರೆ ಎತ್ತೂ ಇಲ್ಲ.

ಅವನು ಸೊಂಟದ ಕುಡುಗೋಲು ತೆಗೆದ. ನೊಗಕ್ಕೆ ಬಿಗಿದ ಕೊರಳ ಹಗ್ಗ ಕೊಯ್ದುಬಿಡುತ್ತೇನೆ, ಎತ್ತು ಉಳಿಯಲಿ, ಗಾಡಿ ಹಾಳಾಗಿ ಹೋಗಲಿ. ಬೇರೆ ದಾರಿ ಹಿಡಿದು ಊರು ಸೇರಿ, ಕಳ್ಳರು ದೋಚಿದರು ಎಂದರಾಯಿತು, ಗಂಟೆಯಂತೂ ಕೊರಳಲ್ಲೇ ಇರುತ್ತದೆ. ಹೀಗೆಂದುಕೊಂಡು ಹಗ್ಗಕ್ಕೆ ಕೈ ಹಾಕಿದವನು, ಗಾಡಿ ಎತ್ತ ಉರುಳೀತು ಎಂದು ಹಿಂದಕ್ಕೆ ತಿರುಗಿ ನೋಡಿದ.

ಅವನ ಬೆನ್ನ ಹಿಂದೆ, ತಿರುವು ತಿರುವಿನಲ್ಲೂ ಗಾಡಿಗಳು ನಿಂತಿದ್ದವು. ಒಂದೊಂದಕ್ಕೂ ನಾಲ್ಕು ನಾಲ್ಕು ಎತ್ತು. ಎಲ್ಲದರಲ್ಲೂ ಉಪ್ಪೇ. ಅವನು ಸರಿಯದೆ ಯಾರೂ ಮುಂದೆ ಹೋಗುವ ಹಾಗಿರಲಿಲ್ಲ. ಗಂಟೆ ಬಿಚ್ಚುವ ಹಾಗಾಗಬಾರದು ಎಂದು ತುಟಿ ಕಚ್ಚಿಕೊಂಡಿದ್ದನಲ್ಲ, ಅವನ ಆ ಮೌನವೇ ಅಷ್ಟೂ ಜನರ ದಾರಿಗೆ ಅಡ್ಡ ಬಿದ್ದಿತ್ತು. ಹಗ್ಗ ಕೊಯ್ದರೆ ಗಾಡಿ ಉರುಳುವುದೂ ಅವರ ಮೇಲೆಯೇ. ಆದರೂ ಒಬ್ಬರೂ ಬೈಯಲಿಲ್ಲ. ಎಲ್ಲರೂ ಮುಖ ಮೇಲೆತ್ತಿ ಅವನನ್ನೇ ನೋಡುತ್ತಿದ್ದರು.

ಕುಡುಗೋಲು ಕೈಯಿಂದ ಬಿತ್ತು. ಅವನು ಮತ್ತೆ ಚಕ್ರಕ್ಕೆ ಹೆಗಲು ಕೊಟ್ಟು, ಎದೆ ಬಿರಿಯುವ ಹಾಗೆ ಕೂಗಿದ: “ಅಣ್ಣಾ, ನನ್ನ ಕೈಲಿ ಆಗುತ್ತಿಲ್ಲ! ಎತ್ತು ತನ್ನಿ!”

ಆಹಾ, ಆಗ ನೋಡಬೇಕಿತ್ತು! ಘಟ್ಟಕ್ಕೆ ಘಟ್ಟವೇ ಎದ್ದು ನಿಂತಿತು. ಓಡಿ ಬಂದವರು ಮೊದಲು ಚಕ್ರಕ್ಕೆ ಕಲ್ಲು ಕೊಟ್ಟರು. ಅವನ ಹೆಗಲು ಹಗುರಾಯಿತು, ಎತ್ತುಗಳು ಉಸಿರು ಬಿಟ್ಟವು. ಒಬ್ಬ ನೀರು ಕುಡಿಸಿದ, ಒಬ್ಬ ಮಂಡಿ ನೀವಿದ. ಬಿದ್ದಿದ್ದ ಎತ್ತು ಮೈ ಕೊಡವಿಕೊಂಡು ಎದ್ದಿತು. ಬುಡದಲ್ಲಿ ಕಾದಿದ್ದ ಮುದುಕ ತನ್ನ ಜೋಡಿಯನ್ನು ಗಾಡಿಗಳ ಅಂಚಿನಲ್ಲೇ ನಡೆಸಿ ತಂದು ಮುಂದೆ ಹೂಡಿದ. “ಹೋಯ್!” ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ನಾಲ್ಕೂ ಎತ್ತು ಒಂದೇ ಸಲ ಕೊರಳು ಕೊಟ್ಟವು. ಗಾಡಿ ಕದಲಿತು, ಏರಿತು, ತಿರುವು ಕಳೆಯಿತು, ಘಟ್ಟದ ನೆತ್ತಿಯಲ್ಲಿ ಹೋಗಿ ನಿಂತಿತು. ಗಾಡಿಯವನಿಗೆ ನಗು ಬಂತು, ಅಳುವೂ ಬಂತು.

ಅವನು ತಲೆ ತಗ್ಗಿಸಿ, ತನ್ನ ಎತ್ತುಗಳ ಗಂಟೆ ಬಿಚ್ಚಿ ಮುದುಕನ ಮುಂದೆ ಹಿಡಿದ. ಮುದುಕ ಕಕ್ಕಾಬಿಕ್ಕಿಯಾದ. “ಇದನ್ನು ತಗೊಂಡು ನಾನೇನು ಮಾಡಲಿ ಮಾರಾಯಾ? ಕಟ್ಟು ಕಟ್ಟು, ಬೇಗ ನಡಿ. ನನ್ನ ಗಾಡಿ ಕೆಳಗೇ ಇದೆ, ನಿನ್ನ ಎತ್ತು ಬೇಕು!”

ಗಾಡಿಯವನು ಗಂಟೆ ಕಟ್ಟಿ ಎತ್ತುಗಳ ಜೊತೆ ಇಳಿದ. ಮುದುಕನ ಗಾಡಿ ಎಳೆದ. ಅದಾದ ಮೇಲೆ ಯಾರೂ ಕರೆಯದಿದ್ದರೂ ಇನ್ನೊಂದಕ್ಕೆ ಹೆಗಲು ಕೊಟ್ಟ. ಕೊನೆಯ ಗಾಡಿ ನೆತ್ತಿ ಮುಟ್ಟಿ ಅಲ್ಲಿದ್ದ ಛತ್ರದ ಮಾಡಿನ ಕೆಳಗೆ ಸೇರಿದ ಮೇಲೆ ಮಳೆ ಹುಯ್ಯಿತು. ಒಂದು ಹಿಡಿ ಉಪ್ಪೂ ಕರಗಲಿಲ್ಲ. ಅಷ್ಟೂ ಜನ ಮಳೆಯಲ್ಲೇ ನಿಂತು ಕೇಕೆ ಹಾಕಿದರು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ನಮ್ಮ ಗಾಡಿಯವನೇ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣನ ಮುಖ ಸ್ವಲ್ಪ ತಿಳಿಯಾಗಿತ್ತು. ಆದರೆ ಅವನ ಅನುಮಾನ ಪೂರ್ತಿ ಹೋಗಿರಲಿಲ್ಲ.

“ಬುದ್ಧಿ, ಘಟ್ಟದಲ್ಲಿ ಎಲ್ಲರ ಗಾಡಿಯೂ ಭಾರವಾಗಿತ್ತು, ಅವನು ಕೂಗಿದ. ನಮ್ಮ ಹಾಸ್ಟೆಲಿನಲ್ಲಿ ಉಳಿದವರೆಲ್ಲ ನಗುನಗುತ್ತಾ ಸಲೀಸಾಗಿ ಹತ್ತಿ ಹೋಗುತ್ತಿದ್ದಾರೆ. ಅಲ್ಲಿ ನಾನು ಯಾರ ಮುಂದೆ ಬಾಯಿ ಬಿಡಲಿ?”

ಗುರುಗಳು ಹೇಳಿದರು: “ಇದೇ ಪ್ರಶ್ನೆ ಹಿಡಿದುಕೊಂಡು ನಿಮ್ಮ ಹಾಸ್ಟೆಲಿನಿಂದ ಈ ವಾರ ಇಲ್ಲಿಗೆ ಬಂದವರಲ್ಲಿ ನೀನು ನಾಲ್ಕನೆಯವನು ಕಣಯ್ಯ.”